ಕೊಸರಿಲ್ಲದ ತೂಕ

"ಲಾಭಾ... ಎರಡೂ... ಮೂರೂ..."

ಬೆಳಕು ಹರಿಯುತ್ತಲೇ ಚೇಳೂರಿನ ಶಿವರುದ್ರಮ್ಮನ ಬೀದಿಯಲ್ಲಿ ತೆಂಗಿನಕಾಯಿ ಎಣಿಸುವ ಕೂಗು ಏಳುತ್ತದೆ. ಒಂದು ಎನ್ನುವಂತಿಲ್ಲ, ಲಾಭ ಎನ್ನಬೇಕು. ನೂರು ಮುಗಿದ ಮೇಲೆ ಇನ್ನೆರಡು ಕಾಯಿ ರಾಶಿಗೆ ಎಸೆಯಬೇಕು. ಅದು ಕೊಸರು, ಎಣಿಕೆಗೆ ಸೇರದ್ದು. ಶಿವರುದ್ರಮ್ಮ ಮಾತು ಕಲಿತದ್ದೇ ಈ ಕೂಗು ಕೇಳುತ್ತ. ಅವಳ ಅಪ್ಪ ರುದ್ರಯ್ಯ ಕಾಯಿ ರಾಶಿಯ ಮುಂದೆಯೇ ಆಯಸ್ಸು ಕಳೆದವನು. "ಕೊಸರು ಹಾಕ್ದೆ ಏಳ್ಬ್ಯಾಡ ಕಣವ್ವ" ಅನ್ನುತ್ತಿದ್ದ.

ನಲವತ್ತಮೂರರ ಶಿವರುದ್ರಮ್ಮ ಈಗ ಗುಬ್ಬಿಯ ಒಂದು ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್. ಒಂಬತ್ತು ವರ್ಷ ಕಾರಿಡಾರ್ ಗುಡಿಸಿ, ಈ ಜೂನಿನಲ್ಲಷ್ಟೇ ಲ್ಯಾಬಿನೊಳಗೆ ಬಂದವಳು. ಬಂದ ದಿನದಿಂದ ಅವಳಿಗೆ ಕಾಲು ನೆಲದ ಮೇಲಿಲ್ಲ. ಗಾಜಿನ ಕೊಳವೆ ಒರೆಸುತ್ತ ಹಿಂದೆ ನಿಂತು ಪಾಠ ಕೇಳುತ್ತಾಳೆ. ಒಮ್ಮೆ ಉಪನ್ಯಾಸಕಿ ಕೃತಿಕಾ ಮೈಲುತುತ್ತದ ನೀರಿಗೆ ಕಬ್ಬಿಣದ ಮೊಳೆ ಇಳಿಸಿದಾಗ ಮೊಳೆ ಕೆಂಪಾಯಿತು.

"ಅಯ್ಯೋ ಮೇಡಂ, ಇದು ನಂಗೊತ್ತು! ಮೈಲುತುತ್ತ ಕಬ್ಬಿಣದ ಬಕೆಟ್ಟಲ್ಲಿ ಕಲಸಿದ್ರೆ ನಮ್ಮಪ್ಪ ಬೈಯೋನು."

"ಇದೇ ಸ್ಥಾನಪಲ್ಲಟ ಕ್ರಿಯೆ ರುದ್ರಮ್ಮ. ತಾಮ್ರನ ಎಬ್ಬಿಸಿ ಕಬ್ಬಿಣ ತಾನು ಕೂತ್ಕೊಳ್ಳುತ್ತೆ."

"ಚೇಳೂರು ಬಸ್ಸಲ್ಲಿ ಸೀಟು ಹಿಡ್ದಂಗೆ!"

ತರಗತಿ ಗೊಳ್ಳೆಂದಿತು. ಅಂದಿನಿಂದ ಅವಳು ಮನೆಯಲ್ಲಿ ಸುಣ್ಣಕ್ಕೆ ನೀರು ಸುರಿದರೂ, ಅದು ಬಿಸಿಯಾಗಿ ಬುಸುಗುಟ್ಟಿದ ಕೂಡಲೇ "ಸಂಯೋಗ ಕ್ರಿಯೆ" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಮೋಲ್ ಪಾಠದ ದಿನ ಏನೂ ಅರ್ಥವಾಗದೆ ಮಕ್ಕಳ ಮುಖ ಬಾಡಿತ್ತು. ಶಿವರುದ್ರಮ್ಮ ತಡೆಯಲಾರದೆ ಹೇಳಿದಳು: "ಸಣ್ಣಕಾಯಿ ನೂರು ತಗಳ್ಳಿ, ದಪ್ಪಕಾಯಿ ನೂರು ತಗಳ್ಳಿ. ತೂಕ ಬ್ಯಾರೆ, ಎಣಿಕೆ ಒಂದೇ."

"ಅಷ್ಟೇ ಕಣ್ರೋ!" ಎಂದು ಕೃತಿಕಾ ಸೀಮೆಸುಣ್ಣವನ್ನೇ ಮೇಲೆ ಹಾರಿಸಿದಳು. "ಮೋಲ್ ಅನ್ನೋದು ನೂರು ಅನ್ನೋ ಹಾಗೆ ಒಂದು ಎಣಿಕೆ. ಕಣಗಳು ಕಣ್ಣಿಗೆ ಕಾಣಲ್ಲ, ಅದಕ್ಕೇ ತೂಗಿ ಎಣಿಸ್ತೀವಿ."

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರವಾದಾಗ ತೊಡಕು ಶುರುವಾಯಿತು. ಐದು ಪಾಯಿಂಟ್ ಮೂರು ಗ್ರಾಂ ಸೋಡಿಯಂ ಕಾರ್ಬೊನೇಟ್ ತೂಗಿ ಒಂದು ಲೀಟರ್ ದ್ರಾವಣ ಮಾಡುವುದು ಶಿವರುದ್ರಮ್ಮನ ಕೆಲಸ. ಅದರ ಹತ್ತು ಎಂಎಲ್‌ಗೆ ಸರಿಯಾಗಿ ಹತ್ತು ಎಂಎಲ್ ಆ್ಯಸಿಡ್ ಬೇಕು. ಆದರೆ ವಾರವಿಡೀ ಆ್ಯಸಿಡ್ ಅಳೆದು ಹನಿಸುವ ಬ್ಯುರೆಟ್ ಹತ್ತು ಪಾಯಿಂಟ್ ನಾಲ್ಕು ಎನ್ನುತ್ತಿತ್ತು. ಕೃತಿಕಾ ಆ್ಯಸಿಡ್ಡನ್ನು ಮೂರು ಸಲ ಹೊಸದಾಗಿ ಮಾಡಿ ನೋಡಿದಳು. ಬದಲಾಗಲಿಲ್ಲ.

"ಸೋಮವಾರ ಕುಣಿಗಲ್‌ನಿಂದ ಎಕ್ಸಾಮಿನರ್ ಬರ್ತಾರೆ," ಎಂದರು ಪ್ರಿನ್ಸಿಪಾಲ್ ಸದಾಶಿವಯ್ಯ. "ಅಷ್ಟರಲ್ಲಿ ಸರಿಹೋಗ್ದಿದ್ರೆ ರುದ್ರಮ್ಮ ಮತ್ತೆ ಪೊರಕೆ ಹಿಡೀಲಿ."

ಭಾನುವಾರವೆಲ್ಲ ಅವಳು ತೂಗುವ ಒಂದೊಂದು ಹೆಜ್ಜೆಯನ್ನೂ ಬೆರಳು ಮಡಚಿ ನೆನೆದಳು.

ಸೋಮವಾರ ಬೆಳಿಗ್ಗೆ ತಲೆ ಬಾಚುತ್ತಿದ್ದಾಗ ಪಕ್ಕದ ಅಂಗಳದಿಂದ "ನೂರೂ" ಎಂಬ ಕೂಗು ಬಂತು. ಆಮೇಲೆ ಧೊಪ್, ಧೊಪ್. ಎರಡು ಕಾಯಿ, ಎಣಿಕೆಗೆ ಸೇರದವು. ಬಾಚಣಿಗೆ ಹಿಡಿದ ಬೆರಳುಗಳನ್ನು ಅವಳು ದಿಟ್ಟಿಸಿದಳು. ಜಡೆಯನ್ನು ಅರ್ಧಕ್ಕೇ ಸುತ್ತಿ ಬಸ್ಸಿಗೆ ಓಡಿದಳು.

ಲ್ಯಾಬಿನಲ್ಲಿ ಐದು ಪಾಯಿಂಟ್ ಮೂರು ತೂಗಿ ಫ್ಲಾಸ್ಕಿಗೆ ಸುರಿದಳು. ಸುರಿದದ್ದೇ ತಡ, ಬಲಗೈ ತಾನಾಗಿಯೇ ಮತ್ತೆ ಡಬ್ಬಿಯತ್ತ ಹೊರಟಿತು. ಎಡಗೈಯಿಂದ ಅದನ್ನು ಗಪ್ಪೆಂದು ಹಿಡಿದುಕೊಂಡಳು.

ಕೃತಿಕಾ ಬಂದು ದ್ರಾವಣಕ್ಕೆ ಬಣ್ಣದ ಸೂಚಕ ಬೆರೆಸಿ, ಬ್ಯುರೆಟ್‌ನಿಂದ ಆ್ಯಸಿಡ್ ಹನಿಸಿದಳು. ಹಳದಿ, ಹಳದಿ, ಇನ್ನೂ ಹಳದಿ. ಒಂಬತ್ತು ಪಾಯಿಂಟ್ ಒಂಬತ್ತು ದಾಟಿ ಕೊನೆಯ ಹನಿ ಬಿದ್ದಾಗ ಸಂಜೆಯ ಬಾನಿನಂತೆ ಬಣ್ಣ ತಿರುಗಿತು.

"ಹತ್ತು! ಸರಿಯಾಗಿ ಹತ್ತು! ಏನ್ ಮಾಡಿದ್ರಿ ರುದ್ರಮ್ಮ?"

"ಏನೂ ಮಾಡ್ಲಿಲ್ಲ ಮೇಡಂ, ಅದೇ ವಿಷ್ಯ. ಇಷ್ಟು ದಿನ ತೂಗಿದ್ ಮೇಲೆ ಒಂದ್ ಚಿಟಿಕೆ ಕೊಸರು ಹಾಕ್ತಿದ್ದೆ. ನಂಗೇ ಗೊತ್ತಿರ್ಲಿಲ್ಲ."

"ಆ ಚಿಟಿಕೆ ಇಲ್ಲಿ ಹಾಕಿ!" ಎಂದು ಕೃತಿಕಾ ತಕ್ಕಡಿಯನ್ನು ಮುಂದೆ ತಳ್ಳಿದಳು. ಸೊನ್ನೆ ಪಾಯಿಂಟ್ ಎರಡು ಗ್ರಾಂ. ಅಂಗೈ ಮೇಲೆಯೇ ಲೆಕ್ಕ ಗೀಚಿದಳು. "ಐದೂವರೆ ಗ್ರಾಂಗೆ ಎಷ್ಟು ಆ್ಯಸಿಡ್ ಬೇಕು ಗೊತ್ತಾ? ಹತ್ತು ಪಾಯಿಂಟ್ ನಾಲ್ಕು!"

ಶಿವರುದ್ರಮ್ಮನ ಕಣ್ಣು ಅರಳಿತು. "ಕೊಸರು ಎಣಿಕೆಗೆ ಸೇರಲ್ಲ ಅಂದ್ಕಂಡಿದ್ನಲ್ಲ, ಅದ್ನೂ ಎಣಿಸ್ಬುಡ್ತಾ ಇದು?"

"ಒಂದೊಂದು ಕಣಾನೂ ಎಣಿಸಿದೆ."

ಬಾಗಿಲಲ್ಲಿ ಸದಾಶಿವಯ್ಯ ಕೆಮ್ಮಿದರು. "ಏನ್ ರುದ್ರಮ್ಮ, ಪೊರಕೆನೋ ಫ್ಲಾಸ್ಕೋ?"

ಅವಳು ಫ್ಲಾಸ್ಕನ್ನು ಎದೆಗೊತ್ತಿ ಎತ್ತಿಕೊಂಡಳು. ಹುಡುಗರ ಮೇಜುಗಳತ್ತ ಆಗಲೇ ಹೆಜ್ಜೆ ಹಾಕಿದ್ದಳು. "ನೀವೇ ನೋಡಿ ಸಾರ್, ಹತ್ತು ಅಂದ್ರೆ ಹತ್ತೇ, ಕೊಸರು ಏನಿದ್ರೂ ನಮ್ಮೂರ ಕಾಯಿ ರಾಶಿ ತಾವ, ಇಲ್ಲಿ ಒಂದ್ ಹನಿ ಹೆಚ್ಚಾದ್ರೂ..."