ಬಾಗಿಲಿಗೆ ಅಡ್ಡ ನಿಲ್ಲುವ ಬಸವಣ್ಣೆಮ್ಮ

ಈಗಷ್ಟೇ ಬೆಳಕು ಹರಿಯುತ್ತಿದೆ. ಲಿಂಗಸುಗೂರಿನ ಚಿಕ್ಕ ಆಸ್ಪತ್ರೆಯೊಂದರ ತುರ್ತು ವಾರ್ಡಿನಲ್ಲಿ ಆಯಾ ಬಸವಣ್ಣೆಮ್ಮ ನೆಲ ಒರೆಸುತ್ತಿದ್ದಾರೆ. ಕೈ ಕೆಲಸದಲ್ಲಿ, ಕಿವಿ ಮಾತ್ರ ಬಾಗಿಲ ಕಡೆ. "ಹೊಂಟೋರು ಏನಂತ ಹೇಳಿ ಹೊಂಡ್ತಾರ, ಅದನ್ನ ಕೇಳ್ಬೇಕ್ರಿ," ಎನ್ನುತ್ತಾರೆ.

ನಮ್ಮಲ್ಲಿ ಯಾರೂ 'ಹೋಗ್ತೀನಿ' ಎಂದು ಹೊರಡುವುದಿಲ್ಲ, 'ಬರ್ತೀನಿ' ಎನ್ನುತ್ತೇವೆ. ಆಸ್ಪತ್ರೆಯಲ್ಲಿ ಮಾತ್ರ ಉಲ್ಟಾ. ಇಲ್ಲಿಗೆ ಮತ್ತೆ ಬರುವ ಆಸೆ ಯಾರಿಗಿದೆ ಹೇಳಿ! ಹಾಗಾಗಿ ಕಳೆದ ಮಳೆಗಾಲದಲ್ಲಿ ಪಾಮನಕಲ್ಲೂರಿನ ಮುದಿ ಕುರಿಗಾರ ಮೈಲಾರಲಿಂಗಪ್ಪ ಸಲೈನ್ ಮುಗಿಸಿಕೊಂಡು "ಹೋಗ್ತೀನವ್ವ" ಎಂದಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಊಟ, ನಿದ್ದೆ ಬಿಟ್ಟು ಸೊರಗಿದ್ದರು. ಆದರೆ ಹೊರಡುವಾಗ ಹೆಗಲ ಕಂಬಳಿ ತೆಗೆದು ಬಸವಣ್ಣೆಮ್ಮನ ಕೈಗಿತ್ತರು: "ನೀನ ಇಟ್ಕೋ. ನನಗಿನ್ನ ಬ್ಯಾಡ."

ಕುರಿಗಾರ ಕಂಬಳಿ ಬಿಟ್ಟು ಹೋಗುವುದೆಂದರೇನು! ಬಸವಣ್ಣೆಮ್ಮ ಕೂಡಲೇ ಒರೆಸುವ ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದರು. "ಬರ್ತೀನಿ ಅನ್ನು ಯಪ್ಪಾ."

ಮುದುಕ ತಲೆ ತಗ್ಗಿಸಿ ಕೋಲನ್ನು ಬದಿಗೆ ಸರಿಸಲು ನೋಡಿದರು. ಕರೆದೊಯ್ಯಲು ಬಂದಿದ್ದ ಮಗ ಸಿದ್ದರಾಮೇಶ ರೇಗಿದ: "ದವಾಖಾನಿಗೆ ಮತ್ತ ಬರ್ತೀನಿ ಅಂತ ಯಾರರ ಅಂತಾರೇನು? ದಾರಿ ಬಿಡಬೇ!"

"ಬಿಡಂಗಿಲ್ಲ!" ಎಂದವರೇ ಮುದುಕನತ್ತ ತಿರುಗಿ ನೇರವಾಗಿ ಕೇಳಿದರು: "ಸಾಯಬೇಕು ಅನ್ಸಾಕತ್ತೈತೇನು ಯಪ್ಪಾ?"

"ಹೂಂ," ಎಂದು ಮೈಲಾರಲಿಂಗಪ್ಪ ಗಳಗಳ ಅತ್ತರು.

"ವಯಸ್ಸಾಗೈತಿ, ಹಂಗ ಅಂತಾನ," ಎನ್ನುತ್ತ ಮಗ ಅಪ್ಪನ ಹೆಗಲು ಹಿಡಿದ.

"ಎದಿ ನೋವಂದ್ರ ಗಾಡಿ ಮಾಡ್ಕೊಂಡು ಓಡಿ ಬರ್ತೀರಿ. ಮನಸ ನೊಂದೈತಿ ಅಂದ್ರ ವಯಸ್ಸಿನ ಮ್ಯಾಲ ಹಾಕ್ತೀರಿ. ಮುದುಕರ ಜೀವ ಜೀವ ಅಲ್ಲೇನು?"

ಡಾಕ್ಟರು ಬಂದು ಪಕ್ಕ ಕೂತು ಮಾತಾಡಿಸಿದರು. ಮನೋವೈದ್ಯರಿಗೆ ಫೋನು ಹೋಯಿತು, ಅವರಲ್ಲಿಗೆ ಕರೆದೊಯ್ಯಲು ಆಂಬುಲೆನ್ಸ್ ಬಂತು. ಅಲ್ಲಿಯವರೆಗೆ ಬಸವಣ್ಣೆಮ್ಮ ಮುದುಕನ ಪಕ್ಕದಿಂದ ಕದಲಲಿಲ್ಲ. ಪಾಳಿ ಮುಗಿದರೂ ಮನೆಗೆ ಹೋಗಲಿಲ್ಲ.

ಗಂಡ ಹೋದ ಮೇಲೆ ಮಸ್ಕಿಯಿಂದ ಬಂದು ಈ ಕೆಲಸ ಹಿಡಿದವರು ಇವರು. ನೆಲ ಒರೆಸುವವಳಿಗೇಕೆ ಇಲ್ಲದ ಉಸಾಬರಿ ಎಂದು ಎಷ್ಟೋ ಮನೆಯವರು ಬೈದಿದ್ದಾರೆ. "ಬೈಲಿ ಬಿಡ್ರಿ. ಬೈದೋರ ಅಪ್ಪ ಬಂದ್ರೂ ಅಡ್ಡ ನಿಲ್ಲಾಕಿನ ನಾ," ಎಂದು ನಗುತ್ತಾರೆ.

ಇವತ್ತು ಮೈಲಾರಲಿಂಗಪ್ಪ ಗುಳಿಗೆಗೆಂದು ಬಂದಿದ್ದಾರೆ. ಹೆಗಲ ಮೇಲೆ ಬಸವಣ್ಣೆಮ್ಮ ಮರಳಿ ಕೊಟ್ಟ ಅದೇ ಕಂಬಳಿ. ಹೊರಡುವಾಗ ಕೋಲು ಮತ್ತೆ ಬಾಗಿಲಿಗೆ ಅಡ್ಡ ಬರುತ್ತದೆ.

"ಬರ್ತೀನಿ ಬಿಡಬೇ ಯವ್ವಾ. ದವಾಖಾನಿಗಲ್ಲ, ನಿನ್ನ ಮನಿಗೆ, ರೊಟ್ಟಿ ತಿನ್ನಾಕ."

ಬಸವಣ್ಣೆಮ್ಮ ಕೋಲು ಇಳಿಸುತ್ತಾರೆ. "ಬಾ. ಬರ್ಲಿಲ್ಲಂದ್ರ ಪಾಮನಕಲ್ಲೂರಿಗೇ ಬಂದು ಎಳ್ಕೊಂಡು ಬರ್ತೀನಿ."