ಮುಖವಾಡದೊಳಗಿನ ಹತ್ತಿ

ಕ್ಯಾನ್ಸರ್ ಆಸ್ಪತ್ರೆಯ ಸಂಶೋಧಕಿಯಾದ ಅವಳಿಗೆ ಅಲ್ಲಿ ಸಿಡುಕಕ್ಕ ಎಂದೇ ಹೆಸರು. ಮೇಲಿನ ಮಹಡಿಯಲ್ಲಿ ಕುಳಿತು ಹನ್ನೊಂದು ವರ್ಷ ಒಂದೇ ವಿಷಯ ಅಳೆದಿದ್ದಳು: ವಿಕಿರಣ ಚಿಕಿತ್ಸೆಯ ಏಳು ವಾರಗಳಲ್ಲಿ ಗಂಟಲಿನ ಗೆಡ್ಡೆ ಎಷ್ಟು ಕರಗುತ್ತದೆ, ರೋಗಿ ಎಷ್ಟು ಸೊರಗುತ್ತಾನೆ. ತಲೆ ಅಲುಗದಿರಲೆಂದು ಮೊದಲೇ ಮುಖದ ಅಳತೆಗೆ ಪ್ಲಾಸ್ಟಿಕ್ ಮುಖವಾಡ ಮಾಡಿರುತ್ತಾರೆ. ಮೂರನೇ ವಾರಕ್ಕೆ ಕೆನ್ನೆ ಇಳಿಯುತ್ತದೆ, ಒಳಗಿನ ಜೊಲ್ಲುಗ್ರಂಥಿ ಸರಿಯುತ್ತದೆ. ಕಿರಣ ಮಾತ್ರ ಮೊದಲ ಸ್ಕ್ಯಾನಿನ ಹಳೆಯ ನಕ್ಷೆಯಂತೆಯೇ ಬೀಳುತ್ತದೆ. ನೂರ ನಲವತ್ತು ರೋಗಿಗಳಲ್ಲಿ ಐವತ್ತೆರಡು ಮಂದಿಯ ರೋಗವಿಲ್ಲದ ಜೊಲ್ಲುಗ್ರಂಥಿ ಹೀಗೆ ಸುಟ್ಟಿತ್ತು. ಮೂರನೇ ವಾರ ಎಲ್ಲರಿಗೂ ಮತ್ತೊಮ್ಮೆ ಸ್ಕ್ಯಾನ್ ಮಾಡಿ ಎಂದಷ್ಟೇ ಅವಳು ಕೇಳುತ್ತಿದ್ದಳು.

"ಪ್ರಬಂಧ ಅಚ್ಚಾಯ್ತಲ್ಲಮ್ಮ, ಇನ್ನೇನು?" ಎನ್ನುತ್ತಿದ್ದರು ವಿಭಾಗದ ಮುಖ್ಯಸ್ಥರು.

ಒಂದು ಸೋಮವಾರ ಅವಳು ಕೆಳಗಿನ ಯಂತ್ರದ ಕೋಣೆಗೆ ಇಳಿದಾಗ, ಮುಖವಾಡ ತೊಟ್ಟು ಮಲಗಿದ್ದ ಬಸ್ ಕಂಡಕ್ಟರೊಬ್ಬನಿಗೆ ಮೂವತ್ತೈದರಲ್ಲಿ ಹದಿನಾರನೇ ಸರದಿ. ಅವನ ದನಿ ಉಡುಗಿತ್ತು, ಆದರೂ ಬಾಯಿ ಸುಮ್ಮನಿರಲಿಲ್ಲ.

"ಅಕ್ಕಾ, ಈ ಮಾಸ್ಕಲ್ಲಿ ಇನ್ನೊಬ್ಬರಿಗೆ ಸೀಟಿತ್ತು. ನಿಮ್ಮ ಟೆಕ್ನಿಷಿಯನ್ ಹತ್ತಿ ತುರುಕಿ ಬಸ್ ಫುಲ್ ಮಾಡ್ಬಿಟ್ರು."

ಅವಳು ಮುಖವಾಡದ ಕೆನ್ನೆಯ ಬಳಿ ಬೆರಳು ತೂರಿಸಿ ಎಳೆದಳು. ಹಿಡಿ ಹತ್ತಿ ಬಂತು.

"ಸಡಿಲ ಆಗಿತ್ತಕ್ಕ. ಅಲ್ಲಾಡಿದ್ರೆ ಪಾಪ ಕಷ್ಟ ಅಂತ..." ಎಂದ ಟೆಕ್ನಿಷಿಯನ್.

"ಅಂಗಿ ದೊಗಳೆ ಆಯ್ತು ಅಂತ ಹೊಟ್ಟೆಗೆ ದಿಂಬು ಕಟ್ಕೋತೀಯಾ? ಎಷ್ಟು ಜನಕ್ಕೆ ಇಟ್ಟಿದ್ದೀಯ?"

"ಸಡಿಲ ಆದೋರಿಗೆಲ್ಲ. ನಾನು ಸೇರಿದಾಗಿಂದ ಹೀಗೇನೇ."

ಯಂತ್ರ ತೆಗೆಯುವ ಚಿತ್ರದಲ್ಲಿ ಹತ್ತಿ ಗಾಳಿಯಂತೆಯೇ ಕಪ್ಪಗೆ ಕಾಣುತ್ತದೆ. ಹನ್ನೊಂದು ವರ್ಷ ಅವಳೂ ಅದನ್ನು ಬರಿಯ ಗಾಳಿ ಎಂದೇ ಬರೆದುಕೊಂಡಿದ್ದಳು. ಒಮ್ಮೆ ಕೆಳಗಿಳಿದು ಬೆರಳು ಹಾಕಿದ್ದರೆ ಸಾಕಿತ್ತು, ಮುಖವಾಡ ಸಡಿಲವಾದದ್ದನ್ನು ಹತ್ತಿ ಮರೆಮಾಡುತ್ತಿದೆ ಎಂದು ತಿಳಿಯುತ್ತಿತ್ತು. ತನ್ನ ಮೇಲೆಯೇ ಉರಿದುಕೊಂಡು, "ಯಂತ್ರ ಹಾಕ್ಬೇಡ" ಎಂದು ಟೆಕ್ನಿಷಿಯನ್‌ಗೆ ಹೇಳಿ, ಹತ್ತಿಯನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟಳು.

"ಚಿಕಿತ್ಸೆ ನಿಲ್ಲಿಸೋಕೆ ನೀನ್ಯಾರು?"

"ಯಾರೂ ಅಲ್ಲ ಸರ್. ಹತ್ತಿ ತುಂಬಿ ಕಿರಣ ಕೊಡಬಹುದು ಅಂತ ಬರೆದು ಸಹಿ ಹಾಕಿ. ನಾನೇ ಹೋಗಿ ಗುಂಡಿ ಒತ್ತುತೀನಿ."

ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಸರಿ, ಇವನೊಬ್ಬನಿಗೆ ಸ್ಕ್ಯಾನ್ ಮಾಡಿಸು."

"ಎಲ್ಲರಿಗೂ."

ಅಂದೇ ಸ್ಕ್ಯಾನ್ ಆಯಿತು. ಕಂಡಕ್ಟರನ ಗ್ರಂಥಿ ಐದು ಮಿಲಿಮೀಟರ್ ಸರಿದು ನೇರ ಕಿರಣದ ದಾರಿಗೆ ಬಂದಿತ್ತು. ಅದನ್ನು ನೋಡಿದ ಮೇಲೆಯೇ ಮುಖ್ಯಸ್ಥರು 'ಎಲ್ಲರಿಗೂ' ಎಂದು ಬರೆದು ಸಹಿ ಹಾಕಿದರು.

ಬುಧವಾರ ಹೊಸ ಮುಖವಾಡ, ಹೊಸ ನಕ್ಷೆ. ಅವಳು ಕೆನ್ನೆಯ ಬಳಿ ಬೆರಳು ತೂರಿಸಿ ನೋಡಿದಳು, ಹೋಗಲಿಲ್ಲ.

ಇಳಿದು ಬಂದ ಕಂಡಕ್ಟರ್, "ಈಗಲಾದ್ರೂ ನಗಿ ಅಕ್ಕ" ಎಂದ.

"ನಿಮ್ಗೆ ಇನ್ನೂ ಹತ್ತೊಂಬತ್ತು ಸರದಿ ಇದೆ. ಹೋದ ಹದಿನೈದನ್ನ ಯಾರು ವಾಪಸ್ ಕೊಡ್ತಾರೆ?" ಎಂದು ಗದರಿ, ಅವನಿಗೆ ನೀರಿನ ಲೋಟ ಹಿಡಿದಳು.