ಕಾಕಾನ ಗಾಡಿಯ ನಡುಕ

ಆ ಕಾಲದ ಗೋಕಾಕದಲ್ಲಿ ಒಂದು ಮೋಟಾರು ಕೆಟ್ಟು ನಿಂತರೆ ಓಣಿಯವರೆಲ್ಲ ಅದರ ಡಾಕ್ಟರರಾಗುತ್ತಿದ್ದರು. ಎತ್ತು ಕುಂಟಿದರೆ ಕಾಲು ಎತ್ತಿ ನೋಡುವ ಹಾಗೆ ಬಾನೆಟ್ಟು ಎತ್ತಿ ನೋಡುತ್ತಿದ್ದರು. ನೋಡಿದವರೆಲ್ಲ ಒಂದೊಂದು ರೋಗದ ಹೆಸರು ಹೇಳಿ, ಕೈ ಒರೆಸಿಕೊಂಡು ಹೋಗುತ್ತಿದ್ದರು. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಆ ಒಂದು ಮಳೆಗಾಲದ ಕೊನೆಯನ್ನು ನೆನೆದರೆ ನನಗೆ ಇಂದಿಗೂ ತಲೆ ಚಿಟ್ಟೆನ್ನುತ್ತದೆ.

ನೆನೆದರೆ ಎಂದೆ. ಆ ನೆನಪಿನ ಮೇಲೂ ನನಗೆ ಪೂರ್ತಿ ಭರವಸೆಯಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ ಮೇಲೆ ನನ್ನ ಬಾಲ್ಯವನ್ನೇ ಸಾಕ್ಷಿಕಟ್ಟೆಗೆ ಹತ್ತಿಸಿ ಪ್ರಶ್ನೆ ಕೇಳುವ ಚಾಳಿ ಬಂತು. ನಮ್ಮ ಅಕ್ಕನಿಗೆ ಇದೇ ಸಂಗತಿ ಬೇರೆ ಥರ ನೆನಪಿದೆ. ಆಕೆ ಕಾಲೇಜು ಓದಿಲ್ಲ, ಹಾಗಾಗಿ ಆಕೆಗೆ ಸಂಶಯವೂ ಇಲ್ಲ.

ಅಪ್ಪನ ತಮ್ಮ ರುದ್ರಪ್ಪ ಕಾಕಾ ಮೂಡಲಗಿಯ ಹೊಲ ಬಿಟ್ಟು ಒಂದು ಹಳೆಯ ನಾಲ್ಕು ಸಿಲಿಂಡರಿನ ಗಾಡಿ ತಂದಿದ್ದ. ಮೇಲೆ ಬಟ್ಟೆಯ ಹುಡ್ಡು, ಮುಂದೆ ಕಬ್ಬಿಣದ ಹ್ಯಾಂಡಲ್ ತಿರುವಿದರೆ ಶುರು. ಗೋಕಾಕದಿಂದ ಹುಕ್ಕೇರಿಗೆ ಜನರನ್ನು ಕರೆದೊಯ್ಯುವುದೇ ಅವನ ಉದ್ಯೋಗ. ಗಾಡಿ ಬಂದ ದಿನ ಕಾಕಾ ಬಾನೆಟ್ಟು ತೆಗೆದು ತೋರಿಸಿದ. ಇಂಜಿನ್ನಿನ ನೆತ್ತಿಯ ಮೇಲೆ ಕಿಡಿ ಹಾರಿಸುವ ನಾಲ್ಕು ಪ್ಲಗ್ಗುಗಳು, ಪಿಂಗಾಣಿಯ ಬಿಳಿ ತಲೆಯವು, ಒಂದರ ಹಿಂದೊಂದು ಕುಳಿತಿದ್ದವು. ಅವನ್ನು ಕಂಡದ್ದೇ ಕಾಕಾನ ಹೆಂಡತಿ ಗಂಗವ್ವ ಕಾಕೂ ತಲೆಯ ಮೇಲೆ ಸೆರಗು ಎಳೆದುಕೊಂಡು ಕೈ ಮುಗಿದಳು. "ಅವ್ವಾ, ನಾಕ ಲಿಂಗ ಕುಂತಂಗ ಕುಂತಾವ ನೋಡ್ರಿ!" ಎಂದಳು. ನಾವೆಲ್ಲ ನಕ್ಕೆವು.

ಹುಕ್ಕೇರಿ ಹಾದಿಯ ಹಳ್ಳದಲ್ಲಿ ಯಾರದೋ ಮೋಟಾರು ಉರುಳಿದ ಸುದ್ದಿ ಬಂದಂದಿನಿಂದ ಕಾಕೂ ನಗುವುದನ್ನು ಬಿಟ್ಟಳು. ಕಾಕಾ ತಿರುಗಿ ಮನೆಗೆ ಬರುವ ತನಕ ರೊಟ್ಟಿ ಮುರಿಯುತ್ತಿರಲಿಲ್ಲ. ಆಮೇಲೆ ಸ್ವಲ್ಪ ದಿನಕ್ಕೇ ಗಾಡಿಗೆ ನಡುಕ ಹತ್ತಿತು.

ಓಡುವಾಗ ಹೇಗೋ ಓಡುತ್ತಿತ್ತು. ನಿಂತಲ್ಲಿ ಇಂಜಿನ್ ಓಡುವಾಗ ಮಾತ್ರ ಮಲೇರಿಯಾ ಬಂದವರಂತೆ ನಡುಗುತ್ತಿತ್ತು. ದೀಪದ ಗಾಜು ಗಲಗಲ, ಒಳಗೆ ಕುಳಿತವರ ಹಲ್ಲು ಕಟಕಟ. ಕೊನೆಗೊಮ್ಮೆ ಬಿಕ್ಕಿ ಆರಿ ಹೋಗುತ್ತಿತ್ತು. ಓಣಿಯ ನಾವು ಹುಡುಗರು ಚಿಣಿಪಣಿ ಬಿಟ್ಟು ಅದರದೇ ಒಂದು ಆಟ ಕಟ್ಟಿದೆವು: ನಾಲ್ವರು ಸಾಲಾಗಿ ಕುಳಿತು ಒಬ್ಬರಾದ ಮೇಲೊಬ್ಬರು 'ಡಬ್' ಅನ್ನಬೇಕು, ಮುಂದೆ ಕುಳಿತವನು ಬಾಯಿ ಮುಚ್ಚಿಕೊಂಡಿರಬೇಕು. ಅವನ ಸರದಿ ಬಂದಾಗೆಲ್ಲ ಉಳಿದ ಮೂವರು ಮೈ ಕುಲುಕಬೇಕು. ರೋಗ ಅಷ್ಟೇ ಇತ್ತು. ಅಷ್ಟನ್ನು ನಾವು ಆಡಿ ತೋರಿಸುತ್ತಿದ್ದರೂ ದೊಡ್ಡವರು ಎಲ್ಲೆಲ್ಲೋ ಹುಡುಕುತ್ತಿದ್ದರು.

ಒಬ್ಬರು ಪೆಟ್ರೋಲಿನಲ್ಲಿ ನೀರಿದೆ ಎಂದರು. ಮುಂಜಾನೆ ನಡುಗುವುದು, ಹೊತ್ತೇರಿ ಇಂಜಿನ್ ಕಾದ ಮೇಲೆ ಕಡಿಮೆಯಾಗುವುದು ಕಂಡು ಇನ್ನೊಬ್ಬರು "ಥಂಡಿ ಹಿಡದೈತ್ರಿ, ರಾತ್ರಿ ಗೋಣಿಚೀಲ ಹೊಚ್ಚರಿ" ಎಂದರು. ಕಾಕಾ ಅದನ್ನೂ ಹೊಚ್ಚಿದ.

ರಿಪೇರಿಯ ರಾಜೇಸಾಬ ಮೇಸ್ತ್ರಿ ಬಂದ. ಇಂಜಿನ್ ಓಡುತ್ತಿರುವಾಗಲೇ ಮರದ ಹಿಡಿಕೆಯ ಸ್ಕ್ರೂಡ್ರೈವರನ್ನು ಪ್ಲಗ್ಗಿನ ತುದಿಗೂ ಇಂಜಿನ್ನಿನ ಮೈಗೂ ತಾಗಿಸಿ ಹಿಡಿದ. "ಹಿಂಗ ಹಿಡದ್ರ ಆ ಪ್ಲಗ್ಗಿನ ಕಿಡಿ ಸಾಯತೈತಿ. ಇಂಜಿನ್ ಇನ್ನಷ್ಟ ಕುಸೀತಂದ್ರ ಅದು ದುಡಿಯೂ ಮಗ. ಏನೂ ಫರಕ್ ಬೀಳಲಿಲ್ಲಂದ್ರ ಅದು ಮೊದಲ ಸತ್ತೈತಿ." ನಾಲ್ಕನೆಯದಕ್ಕೆ ಹಿಡಿದಾಗ ಇಂಜಿನ್ ಕುಸಿಯಿತು. ಮೂರನೆಯದಕ್ಕೂ ಕುಸಿಯಿತು. ಎರಡನೆಯದು ಹಾಗೂ ಹೀಗೂ. ಒಂದನೆಯದಕ್ಕೆ ಏನೂ ಆಗಲಿಲ್ಲ. ಮೇಸ್ತ್ರಿ ಪ್ಲಗ್ಗುಗಳನ್ನೆಲ್ಲ ಬಿಚ್ಚಿ ಪೆಟ್ರೋಲಿನ ಬಟ್ಟೆಯಿಂದ ಒರೆಸಿ ಹಾಕಿದ, ಕಾರ್ಬೊರೇಟರಿನ ತಿರುಪು ಸ್ವಲ್ಪ ತಿರುಗಿಸಿದ. ಇಂಜಿನ್ ಬೆಕ್ಕಿನಂತೆ ಗುರುಗುಟ್ಟುತ್ತ ನಿಂತಿತು. "ಕಾರ್ಬೊರೇಟರ್ ಆಟ ಇದು" ಎಂದು ಮೀಸೆ ತಿರುವಿದ.

ಮುಂದಿನ ಸೋಮವಾರ ಮುಂಜಾನೆ ಮತ್ತೆ ನಡುಕ. ಮತ್ತೆ ಒಂದನೆಯದೇ ಸತ್ತಿತ್ತು. ಸೋಮವಾರವೇ ಹೌದೇ? ನನಗೆ ಹಾಗೆ ನೆನಪು. ಅಕ್ಕ ಮಾತ್ರ, "ಅದಕ್ಕ ವಾರ ಇತ್ತೇನೋ, ದಿನಾ ನಡಗತಿತ್ತ" ಅನ್ನುತ್ತಾಳೆ.

ಈ ಸಲ ಮೇಸ್ತ್ರಿ ವಾಲ್ವು ಸುಟ್ಟಿದೆ, ಇಂಜಿನ್ನಿನ ತಲೆ ಬಿಚ್ಚಬೇಕು ಎಂದ. ಕಾಕಾ ರೇಗಿದ. "ಹ್ಯಾಂಡಲ್ ತಿರುವಿ ನೋಡ ಮಾರಾಯಾ. ನಾಕೂ ಸಲ ಒಂದ ನಮೂನಿ ಬಿಗಿ ಹತ್ತತೈತಿ. ವಾಲ್ವ ಸುಟ್ಟಿದ್ರ ಒಂದ ಕಡೆ ಸಡ್ಲ ಆಗಬೇಕಿತ್ತಲ್ಲ?"

"ಹಂಗಾರ ನೀವ ಮೇಸ್ತ್ರಿ ಆಗ್ರಿ ರುದ್ರಪ್ಪಾರ, ನಾ ಗಾಡಿ ಹೊಡೀತೇನಿ."

ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜನಿಗೆ ಸಾಕಾಗಿತ್ತು. ಮಗ ಹೊಲ ಬಿಟ್ಟದ್ದು ಆತನಿಗೆ ಮೊದಲೇ ಸೇರಿರಲಿಲ್ಲ. "ಲೇ ರುದ್ರ್ಯಾ, ಬರೂ ಸೋಮಾರ ನಾ ನನ್ನ ತಂಬಿಗಿ ತುಂಬಿ ಇದರ ನೆತ್ತಿ ಮ್ಯಾಲ ಇಡಾಂವ. ಇಂಜಿನ್ ಓಡಬೇಕು, ನೀರು ತುಳಕಬಾರದು. ತುಳಕಿದ್ರ ಗಾಡಿ ಮಾರಿ ಮೂಡಲಗಿ ಹಾದಿ ಹಿಡಿ. ಮತ್ತ ಮಾತಿಲ್ಲ."

ಅಜ್ಜನ ಮಾತಿಗೆ ಎದುರು ಮಾತಾಡುವವರು ಮನೆಯಲ್ಲಿ ಇರಲಿಲ್ಲ. ಭಾನುವಾರ ಕಾಕಾ ತಾನೇ ಪ್ಲಗ್ಗು ಬಿಚ್ಚಿ, ಒರೆಸಿ, ಕೂಡಿಸಿದ. ಸಂಜೆ ಇಂಜಿನ್ ಗುರುಗುಟ್ಟಿತು. ಅವನು ಅಂದು ಪೆಟ್ರೋಲಿನ ವಾಸನೆಯ ಕೈಯಿಂದಲೇ ನನಗೆ ಬೆಲ್ಲ ಮುರಿದು ಕೊಟ್ಟ.

ಸೋಮವಾರ ಮುಂಜಾನೆ ಅಜ್ಜ ಮಿಂದು, ಲಿಂಗಪೂಜೆ ಮುಗಿಸಿ, ತಂಬಿಗೆ ಹಿಡಿದು ಬಂದ. ಕಾಕಾ ಹ್ಯಾಂಡಲ್ ತಿರುವಿದ. ಅಜ್ಜ ತಂಬಿಗೆ ಇಟ್ಟ. ನೀರು ಒಮ್ಮೆಲೇ ಹಾರಿ ಬಾನೆಟ್ಟಿನ ಮೇಲೆ ಹರಿಯಿತು. ಅಕ್ಕ ಹೇಳುವಂತೆ ಅದು ಮಜ್ಜಿಗೆ. ಇರಲಿ, ಹರಿದದ್ದಂತೂ ನಿಜ.

"ಮುಗೀತಲ್ಲ?" ಎಂದ ಅಜ್ಜ. "ಎತ್ತ ಹೂಡಾಕ ಕೈ ಇನ್ನೂ ಬರತಾವಿಲ್ಲೊ?"

"ನಾ ಹೇಳಿದ್ನಿ, ವಾಲ್ವ" ಎಂದ ನೋಡಲು ಬಂದಿದ್ದ ಮೇಸ್ತ್ರಿ.

ಕಾಕಾ ಇಂಜಿನ್ ನಿಲ್ಲಿಸಿದ. ಬಾನೆಟ್ಟು ತೆಗೆದು, ಸಿಟ್ಟಿನಲ್ಲಿ ಒಂದನೆಯ ಪ್ಲಗ್ಗಿನ ತಲೆಯನ್ನೇ ಬೆರಳಿನಿಂದ ಹಿಡಿದ. ಕೈ ತೆಗೆದಾಗ ಬೆರಳು ಬೆಳ್ಳಗಿತ್ತು. ಹಸಿಯಾಗಿತ್ತು. ಮೂಸಿ ನೋಡಿದ. ಎರಡನೆಯದನ್ನು ಮುಟ್ಟಿದ, ಅಲ್ಲಿ ಅರೆಹಸಿ. ಮೂರು, ನಾಲ್ಕರಲ್ಲಿ ಒಣಗಿದ ಗೆರೆ. ಬಿಳಿ ಪಿಂಗಾಣಿಯ ಮೇಲೆ ಬಿಳಿಯ ಮೂರು ಮೂರು ಪಟ್ಟೆ. ಬಿಳಿಯ ಮೇಲಿನ ಬಿಳಿ ಯಾರ ಕಣ್ಣಿಗೆ ಬೀಳಬೇಕು? ಪ್ಲಗ್ಗು ಬಿಚ್ಚಿ ಒರೆಸಿದಾಗೆಲ್ಲ ಅದು ಬಟ್ಟೆಗೆ ಹತ್ತಿ ಹೋಗುತ್ತಿತ್ತು, ಹೆಸರು ಕಾರ್ಬೊರೇಟರಿಗೆ ಬರುತ್ತಿತ್ತು.

ಕಾಕಾ ತಲೆ ಎತ್ತಿದ. ಬಾಗಿಲಲ್ಲಿ ಕಾಕೂ ಕಣ್ಣು ಮುಚ್ಚಿ, ಕೈ ಮುಗಿದು ನಿಂತಿದ್ದಳು. ಅವಳ ಬಲಗೈಯ ಮೂರು ಬೆರಳು ಬೆಳ್ಳಗಿದ್ದವು.

ಹಸಿ ವಿಭೂತಿಯ ಮೇಲೆ ಹರಿದು ಕಿಡಿ ಹೊರಗೇ ಸೋರಿ ಹೋಗುತ್ತಿತ್ತು ಎಂದು ಇಂದು ನಾನು ಎರಡು ಸಾಲಿನಲ್ಲಿ ವಿವರಿಸಬಲ್ಲೆ. ಮೊದಲನೆಯ ಪ್ಲಗ್ಗಿಗೆ ಬೆರಳು ಒದ್ದೆ, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಒಣಗಿರುತ್ತಿತ್ತು. ಅಂದು ವಿವರಿಸಬೇಕಾದವನು ಕಾಕಾ.

"ಅಪ್ಪಾರ, ಒಂದ ನಿಮಿಷ ನಿಲ್ಲರಿ" ಎಂದ. ನಾಲ್ಕೂ ಪ್ಲಗ್ಗುಗಳ ವಿಭೂತಿಯನ್ನು ಬೆರಳಿನಿಂದ ಬಳಿದು ತೆಗೆದು, ಎಲ್ಲರೆದುರಿಗೆ ತನ್ನ ಹಣೆಗೆ ಹಚ್ಚಿಕೊಂಡ. ಅಂಗಿಯ ತುದಿಯಿಂದ ಪಿಂಗಾಣಿಯನ್ನು ಒರೆಸಿ, ಬಾನೆಟ್ಟು ಮುಚ್ಚಿದ. ಹ್ಯಾಂಡಲ್ ತಿರುವಿದ. ಅಜ್ಜ ಮತ್ತೆ ನೀರು ತುಂಬಿಸಿ ತಂಬಿಗೆ ಇಟ್ಟ. ನೀರಿನ ಮೈ ಸಣ್ಣಗೆ ಜುಮ್ಮೆಂದಿತು, ಅಷ್ಟೆ.

ಅಜ್ಜ ಬಹಳ ಹೊತ್ತು ನೋಡಿದ. "ಏನ ಮಾಡಿದಿ?"

"ಶಿವನ ನೆನದೆ ರೀ."

ಆಗ ಕಾಕೂ ಮುಂದೆ ಬಂದಳು. ಅವಳ ಮುಖದಲ್ಲಿ ಬಹಳ ದಿನದ ಮೇಲೆ ನಗು ಇತ್ತು. "ನಾ ಇವತ್ತ ಈಬತ್ತಿ ದಪ್ಪಗ ಹಚ್ಚಿದ್ನಿರಿ. ವಾರಕ್ಕೊಮ್ಮಿ ಸಾಲವಲ್ದು ಕಾಣ್ತೈತಿ. ಇನ್ನ ದಿನಾ ಹಚ್ತೀನಿ."

ನನಗೆ ತಲೆ ಜಜ್ಜಿಕೊಳ್ಳುವ ಹಾಗಾಯಿತು. ಕಾಕಾ "ಹಚ್ಚ" ಎಂದ.

ಅಂದಿನಿಂದ ಅವಳು ದಿನಾ ಮುಂಜಾನೆ ಹಚ್ಚುವುದು, ಅವಳು ಒಳಗೆ ಹೋದ ಮೇಲೆ ಅವನು ಬಳಿದು ಹಣೆಗೆ ಹಚ್ಚಿಕೊಳ್ಳುವುದು ಶುರುವಾಯಿತು. ಹುಕ್ಕೇರಿಯವರು ರುದ್ರಪ್ಪನಿಗೆ ಬಲು ಭಕ್ತಿ ಅನ್ನುತ್ತಿದ್ದರು. ಕಾಲೇಜಿನ ರಜೆಯಲ್ಲಿ ಬಂದವನು ಒಮ್ಮೆ ಜಗಳವನ್ನೇ ತೆಗೆದೆ. "ಕಾಕಾ, ಆಕಿಗಿ ಖರೆ ಹೇಳಿಬಿಟ್ರ ಏನ ಆಕ್ಕೈತಿ? ಹಚ್ಚೂದು ಒರಸೂದು, ಇದ್ಯಾವ ಶಾಣ್ಯಾತನ?"

"ಇಂಜಿನ್ ನಡಗಿದ್ರ ನನ್ನ ಕಡೆ ಪಾನಾ ಐತಿ" ಎಂದ ಕಾಕಾ, ಕೈಯಲ್ಲಿದ್ದ ಸ್ಪ್ಯಾನರ್ ತೋರಿಸಿ. "ಆಕಿ ನಡಗಿದ್ರ ಯಾವ ಪಾನಾ ಹಚ್ಚಲಿ? ನೀ ಕಲ್ತಾಂವ, ಹೇಳ."

ನಾನು ವಾದ ಮುಂದುವರಿಸಿದೆ ಎಂದು ನೆನಪು. ಸುಮ್ಮನಾದೆ ಎಂದು ಅಕ್ಕ ಹೇಳುತ್ತಾಳೆ.

ಕಾಕೂ ತೀರಿಹೋದ ಮೇಲೆ ಒಂದು ಸಲ ಗೋಕಾಕಕ್ಕೆ ಹೋಗಿದ್ದೆ. ಅಷ್ಟರಲ್ಲಿ ಕಾಕಾನ ಗಾಡಿ ಬೇರೆ, ಇಂಜಿನ್ ಬೇರೆ. ಮುಂಜಾನೆ ಅವನು ಬಾನೆಟ್ಟು ಎತ್ತಿ, ನಾಲ್ಕೂ ಪ್ಲಗ್ಗುಗಳ ಮೇಲೆ ಒಂದೊಂದಾಗಿ ಬೆರಳು ಆಡಿಸಿದ. ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡ. ಅದರಲ್ಲಿ ಏನೂ ಇರಲಿಲ್ಲ. ಆ ಬೆರಳನ್ನು ಹಾಗೆಯೇ ಹಣೆಗೆ ಎಳೆದುಕೊಂಡು ಗಾಡಿ ಶುರು ಮಾಡಿದ.

ಇಂಜಿನ್ ಒಂದಿಷ್ಟೂ ನಡುಗಲಿಲ್ಲ. ಇದೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದರಲ್ಲಿ ಅಕ್ಕನ ಸಾಕ್ಷಿ ಬೇಕಿಲ್ಲ.